ಕಾಂಕ್ರೀಟಿನ ಕೆಳಗಿನ ಮೂರು ಸಾಲು

ಎಂ.ಎ. ಕೊನೆಯ ಸೆಮಿಸ್ಟರಿನ ಮಾರ್ಚ್ ತಿಂಗಳು, ಒಂದು ಸೋಮವಾರ. ನಂಜನಗೂಡಿನಿಂದ ಬರುವ ಒಂಬತ್ತೂವರೆಯ ಬಸ್ಸು ನಮ್ಮೂರಲ್ಲಿ ತಿರುಗಿಸಿಕೊಂಡು ವಾಪಸ್ಸು ಹೋಗಿ ಸ್ವಲ್ಪ ಹೊತ್ತಾಗಿತ್ತು. ನಾನು ನಮ್ಮ ಕೇರಿ ಶುರುವಾಗುವಲ್ಲಿ, ಕಿರುನಾಲೆಯ ಮೋರಿಯ ಮೇಲೆ, ಅದರ ಪಡುವಣ ತುದಿಯಲ್ಲಿ ನಿಂತಿದ್ದೆ. ಬೆನ್ನಿಗೆ ನಾಲೆ. ಎದುರಿಗೆ, ಒಂದು ಎತ್ತಿನಗಾಡಿಯ ಉದ್ದದಷ್ಟು ದೂರದಲ್ಲಿ, ಜೆಸಿಬಿಯ ತೋಳಿಗೆ ಸರಪಳಿ ಬಿಗಿದು ಎತ್ತಿದ ನಮ್ಮ ಕೇರಿಯ ಕಲ್ಲು ನೆಲ ಬಿಟ್ಟು ತೂಗುತ್ತಿತ್ತು. ಬಿಸಿಲು ನನ್ನ ಬಲಗಡೆಯಿಂದ ಓರೆಯಾಗಿ ಬೀಳುತ್ತಿತ್ತು. ನನ್ನ ಕಣ್ಣಿಗೂ ಕಲ್ಲಿಗೂ ನಡುವೆ ಯಾರೂ ಇರಲಿಲ್ಲ.

ಇಷ್ಟನ್ನು ಮೊದಲು ಹೇಳಿಬಿಡುವುದು ನನಗೆ ಅಭ್ಯಾಸವಾಗಿದೆ. ಅದನ್ನು ಕಲಿಸಿದವರು ನಂಜನಗೂಡಿನ ಕಾಲೇಜಿನಲ್ಲಿ ನಮಗೆ ಇತಿಹಾಸ ಹೇಳುತ್ತಿದ್ದ ಲೆಕ್ಚರರು. ಬಿ.ಎ. ಮೊದಲ ವರ್ಷದ ಒಂದು ಬೆಳಿಗ್ಗೆ ನಮ್ಮ ಕಡೆಯ ಬಸ್ಸು ತಡವಾಗಿ ಬಂತು. ಒಂದೇ ಬಸ್ಸಿನಿಂದ ಇಳಿದ ನಾವು ಐದಾರು ಮಂದಿ ತರಗತಿಯ ಬಾಗಿಲಲ್ಲಿ ನಿಂತೆವು. ಅವರು ಬೈಯಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಯಾಕೆ ತಡವಾಯಿತು ಎಂದು ಬರೆಯಿರಿ, ಪಕ್ಕದವರನ್ನು ಕೇಳಬೇಡಿ ಎಂದರು. ನಾನು ಬರೆದದ್ದು, ಹುರುಳಿ ಮೂಟೆಗೆ ಟಿಕೆಟ್ ತಗೋ ಎಂದು ಕಂಡಕ್ಟರು ಒಬ್ಬ ಹೆಂಗಸಿನ ಜೊತೆ ಜಗಳಕ್ಕೆ ನಿಂತದ್ದು. ಇನ್ನೊಬ್ಬ, ಡ್ರೈವರು ಟೀ ಕುಡಿಯಲು ಇಳಿದ ಎಂದು ಬರೆದಿದ್ದ. ಮತ್ತೊಬ್ಬಳು ರಸ್ತೆಗೆ ಅಡ್ಡ ಬಂದ ಕುರಿಮಂದೆಯ ಬಗ್ಗೆ. ಎಲ್ಲರಿಗಿಂತ ಉದ್ದವಾಗಿ ಬರೆದವನು ದಾರಿಯುದ್ದಕ್ಕೂ ನಿದ್ದೆ ಮಾಡಿದ್ದವನು.

ಲೆಕ್ಚರರು ಎಲ್ಲವನ್ನೂ ಗಟ್ಟಿಯಾಗಿ ಓದಿ, ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು: “ನೀನು ಎಲ್ಲಿ ನಿಂತಿದ್ದೆ?” ನಾನು ಹಿಂಬಾಗಿಲ ಹತ್ತಿರ. ಟೀ ನೋಡಿದವನು ಡ್ರೈವರ ಹಿಂದೆ. ಕುರಿ ನೋಡಿದವಳು ಕಿಟಕಿಯ ಪಕ್ಕ. ಮೂರೂ ನಡೆದಿದ್ದವು.

“ಇದೇ ಕಣ್ರಯ್ಯ ಇತಿಹಾಸ,” ಎಂದರು ಅವರು. “ರಾಜರು ಆಮೇಲೆ ಬರ್ತಾರೆ.”

ಆವತ್ತೇ ಈ ವಿಷಯ ನನ್ನದು ಎಂದು ನನಗೆ ಖಾತ್ರಿಯಾಯಿತು. ನನ್ನ ಜೊತೆಯವರಲ್ಲಿ ಹೆಚ್ಚಿನವರು ಬೇರೆ ಸೀಟು ಸಿಗದೆ ಬಿ.ಎ.ಗೆ ಬಂದವರು. ನಾನೂ ಹಾಗೇ ಬಂದವನು. ಉಳಿದುಕೊಂಡದ್ದು ಮಾತ್ರ ಬೇಕೆಂದೇ. ನಮ್ಮೂರಿನ ಟೀ ಅಂಗಡಿಯಲ್ಲಿ ಇದನ್ನು ಯಾರೂ ಒಪ್ಪುತ್ತಿರಲಿಲ್ಲ.

“ಇಸ್ಟ್ರಿ ಓದಿ ಏನ್ ಮಾಡ್ತೀಯಲಾ? ಸತ್ತೋರ್ ಮನೆ ಅಡ್ರೆಸ್ ಉಡುಕ್ತೀಯಾ?”

“ಊಂ ಕಣಣ್ಣ. ಮೊದ್ಲು ನಿಮ್ ತಾತುಂದೇ.”

“ನಮ್ ತಾತುನ್ ಅಡ್ರೆಸ್ಸು ನಮ್ ಅಜ್ಜಿಗೇ ಗೊತ್ತಿರ್ಲಿಲ್ಲ, ಓಗು.”

ನಮ್ಮ ತಂದೆ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದವರು. ಅವರು ಕೇಳಿದ್ದು ಒಂದೇ: “ಕೊನೇವರ್ಗೂ ಓದ್ತೀಯಾ, ಅರ್ಧಕ್ಕೆ ಬುಡ್ತೀಯಾ?” ಕೊನೆವರೆಗೂ ಎಂದೆ. ಮೂರು ವರ್ಷ ಮುಗಿಸಿ ಮೈಸೂರಿಗೆ ಎಂ.ಎ.ಗೆ ಹೋದೆ.

ಎಂ.ಎ.ಯಲ್ಲಿ ಒಂದು ಕಿರುಪ್ರಬಂಧ ಬರೆಯಬೇಕು. ನನ್ನ ಮಾರ್ಗದರ್ಶಕರಾಗಿದ್ದ ಮೇಡಂ ಶಾಸನ ಓದುವವರು. ಅವರು ನಮ್ಮನ್ನು ತಿ. ನರಸೀಪುರದ ಕಡೆಗೆ ಕರೆದುಕೊಂಡು ಹೋಗಿ ಹೊಲದ ಬದುವಿನ ಕಲ್ಲುಗಳ ಮೇಲೆ ಅಚ್ಚು ತೆಗೆಯುವುದನ್ನು ಕಲಿಸಿದರು. ಕಲ್ಲನ್ನು ನೀರಿನಲ್ಲಿ ಉಜ್ಜಿ, ಒದ್ದೆ ಕಾಗದ ಹೊದಿಸಿ, ಕೂದಲಿನ ಬ್ರಷ್ಷಿನಿಂದ ಹೊಡೆದು ಹೊಡೆದು ಅಕ್ಷರದ ಗುಳಿಯೊಳಕ್ಕೆ ಕೂರಿಸಬೇಕು. ಅರೆಬರೆ ಒಣಗಿದ ಮೇಲೆ ಮಸಿ ಒತ್ತಬೇಕು. ಕಾಗದವೆಲ್ಲ ಕಪ್ಪಾಗಿ ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ನನ್ನ ಮೊದಲನೇ ಕಾಗದ ಹರಿಯಿತು, ಎರಡನೇದು ಗಾಳಿಗೆ ಹಾರಿ ಕಬ್ಬಿನ ಗದ್ದೆಗೆ ಹೋಯಿತು. ಮೂರನೇದರಲ್ಲಿ ಒಂದು ಸಾಲು ಬಂತು. ಅದನ್ನು ಎತ್ತಿ ಬಿಸಿಲಿಗೆ ಹಿಡಿದಾಗ ಮೇಡಂ, “ಕೈ ಚೆನ್ನಾಗಿದೆ. ಅವಸರ ಜಾಸ್ತಿ,” ಎಂದರು.

ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವಣ ಹಳ್ಳಿಗಳ ವೀರಗಲ್ಲುಗಳನ್ನು ನಾನು ವಿಷಯವಾಗಿ ತೆಗೆದುಕೊಂಡೆ. ಊರಿಗಾಗಿಯೋ ದನಕ್ಕಾಗಿಯೋ ಹೊಡೆದಾಡಿ ಸತ್ತವರ ನೆನಪಿಗೆ ನೆಟ್ಟ ಕಲ್ಲುಗಳು ಅವು. ನಮ್ಮ ಕೇರಿಯಲ್ಲೂ ಒಂದು ಇದೆ. ಮೇಲೆ ಸೂರ್ಯ ಚಂದ್ರ, ನಡುವೆ ವೀರನನ್ನು ಹೊತ್ತೊಯ್ಯುವ ಹೆಂಗಸರು, ಕೆಳಗೆ ಬಿಲ್ಲು ಹಿಡಿದ ವೀರ. ಆ ವೀರ ಸೊಂಟದವರೆಗೆ ಮಾತ್ರ ಕಾಣುತ್ತಿದ್ದ, ಉಳಿದದ್ದು ನೆಲದೊಳಗೆ. ಕೇರಿಯವರಿಗೆ ಆ ಕಲ್ಲು ‘ಅಪ್ಪ’. ಹಬ್ಬಕ್ಕೆ ಎಣ್ಣೆ, ಅರಿಸಿನ. ನಮ್ಮ ತಂದೆ ಬುದ್ಧನ ಪಟಕ್ಕಲ್ಲದೆ ಬೇರೆ ಯಾವುದಕ್ಕೂ ಕೈಮುಗಿಯುವವರಲ್ಲ. ಆದರೂ ಅಪ್ಪನ ಮುಂದೆ ಅವರು ಚಪ್ಪಲಿ ಮೆಟ್ಟಿಕೊಂಡು ಹೋದದ್ದನ್ನು ನಾನು ನೋಡಿಲ್ಲ.

ಆ ಕಲ್ಲಿನಲ್ಲಿ ಬರಹ ಇಲ್ಲ ಎಂದು ನನಗೆ ಹೇಳಿದವರು ನಮ್ಮೂರ ಪ್ರಾಥಮಿಕ ಶಾಲೆಯ ಮೇಷ್ಟ್ರು. ನನಗೆ ಅ ಆ ತಿದ್ದಿಸಿದವರೇ ಅವರು. ಮೇಲಿನ ಬೀದಿಯ ದೊಡ್ಡ ಹಿಡುವಳಿಯ ಮನೆತನ ಅವರದು. “ಅದು ಮೂಕ್ಗಲ್ಲು ಕಣೋ. ಅಕ್ಷರ ಗಿಕ್ಷರ ಇಲ್ಲ,” ಎಂದು ನನಗೆ ಹೇಳಿದ ಹಾಗೆ ಎಲ್ಲ ಮಕ್ಕಳಿಗೂ ಹೇಳಿದ್ದರು. ಅದು ಮೇಲಿನ ಬೀದಿಯಲ್ಲಿ ಬೇರೆ ಥರ ಬೆಳೆದಿತ್ತು. ಅಕ್ಷರ ಇದ್ದರೆ ಅದು ತಮ್ಮ ಹಿರೀಕನ ಕಲ್ಲಾಗಿರುತ್ತಿತ್ತು, ಇಲ್ಲದ್ದರಿಂದ ಕೇರಿಯಲ್ಲಿ ಇದೆ ಎಂದು ಕೆಲವರು ನಗುತ್ತಿದ್ದರು.

ಆ ವರ್ಷ ಕೇರಿಗೆ ಸಿಮೆಂಟ್ ರಸ್ತೆ, ಚರಂಡಿ ಬಂತು. ಅಪ್ಪ ಚರಂಡಿಯ ದಾರಿಯಲ್ಲಿದ್ದ. ಎಲ್ಲರೂ ಕೂತು ಮಾತಾಡಿ, ಕಲ್ಲನ್ನು ಒಂದಾಳು ದೂರ ಹಿಂದಕ್ಕೆ ಸರಿಸುವುದೆಂದು ಒಪ್ಪಿದರು. ಸುದ್ದಿ ಸಿಕ್ಕ ಕೂಡಲೇ ನಾನು ಮೈಸೂರಿನಿಂದ ಕಾಗದದ ಸುರುಳಿ, ಬ್ರಷ್ಷು, ಮಸಿ ಎಲ್ಲ ಹೊತ್ತು ಬಂದಿದ್ದೆ. ಬುಡದಲ್ಲಿ ಏನಿದೆಯೋ ನೋಡುವ ದಿನ ಅದೊಂದೇ.

ಈಗ ಮೋರಿಯ ಮೇಲೆ ನಿಂತ ಜಾಗಕ್ಕೆ ಬರುತ್ತೇನೆ.

ಕಲ್ಲು ನಾನು ಎಣಿಸಿದ್ದಕ್ಕಿಂತ ಉದ್ದ ಇತ್ತು. ಎದ್ದಿತು, ಇನ್ನೂ ಎದ್ದಿತು. ಬುಡದ ಮಣ್ಣು ಹೆಂಟೆ ಹೆಂಟೆಯಾಗಿ ಉದುರಿತು. ಸರಪಳಿ ಒಮ್ಮೆ ಜಾರಿ ಕಿರ್ರೆಂದಿತು. ಯಾರೋ ಕಿರುಚಿದರು. ಬಿದ್ದರೆ ಎರಡು ತುಂಡು ಎಂದುಕೊಂಡೆ. ಬೀಳಲಿಲ್ಲ. ತೂಗುತ್ತ ನಿಧಾನಕ್ಕೆ ತಿರುಗಿತು. ಮೊದಲು ಅದರ ಮುಖ ಎಡಕ್ಕೆ, ಹೊಂಗೆ ಮರದ ಕಡೆಗಿತ್ತು. ಅಲ್ಲಿ ಮೇಷ್ಟ್ರು ನಿಂತಿದ್ದರು. ಅವರು ಆಗಲೇ ರಿಟೈರಾಗಿ ತಿ. ನರಸೀಪುರದಲ್ಲಿ ಮನೆ ಮಾಡಿದ್ದರು. ಕೇರಿಗೆ ಹೊಂದಿಕೊಂಡಿದ್ದ ತಮ್ಮನ ಕಾಂಪೌಂಡಿಗೆ ಜೆಸಿಬಿ ತಾಗದಂತೆ ನೋಡಿಕೊಳ್ಳಲು ಆವತ್ತು ಬಂದಿದ್ದರು. ಆಮೇಲೆ ಕಲ್ಲಿನ ಮುಖ ನನ್ನ ಕಡೆಗೆ ಬಂತು.

ಮುಖ ಮೇಷ್ಟ್ರ ಕಡೆಗಿರುವಾಗಲೇ ಗಾರೆ ಕೆಲಸದವನು ಅಂಗೈಯಿಂದ ಬುಡವನ್ನು ಒರೆಸಿದ್ದ. ವೀರನ ಕಾಲಿನ ಕೆಳಗೆ ಬರಹ ಇತ್ತು. ಮೂರು ಸಾಲು. ಮೊದಲನೆಯದು ಮಣ್ಣು ಮೆತ್ತಿ ಮುಚ್ಚಿಹೋಗಿತ್ತು. ಎರಡನೆಯದರ ನಡುವೆ ‘ತುಱು’ ಎಂದು ಓದಿದೆ; ದನ ಎಂಬುದರ ಹಳೆಯ ಮಾತು ಅದು. ಮೂರನೆಯ ಸಾಲು ಗಿಡ್ಡ, ‘ಸತ್ತ’ ಎಂಬಲ್ಲಿ ಮುಗಿದಿತ್ತು. ಅದರ ಪಕ್ಕ ಉಳಿದ ಜಾಗದಲ್ಲಿ, ಹೆಬ್ಬೆರಳುದ್ದದ ಒಂದು ಕರು. ತಲೆ ಹಿಂದಕ್ಕೆ ತಿರುಗಿಸಿ ನೋಡುತ್ತಿತ್ತು. ಬಿಸಿಲು ಓರೆಯಾಗಿದ್ದರಿಂದ ಅದರ ಕಿವಿಯ ನೆರಳೂ ಕಂಡಿತು.

ಜೇಬಿನಿಂದ ಫೋನ್ ತೆಗೆಯುವುದರೊಳಗೆ ನಮ್ಮ ದೊಡ್ಡವ್ವ ಮುಂದೆ ಬಂದಳು. ನಮ್ಮ ತಂದೆಯ ಅತ್ತಿಗೆ ಅವಳು. ಅಪ್ಪನ ಪೂಜೆ ಅವಳದೇ. ಕೈಯಲ್ಲಿ ಹೊಸ ಸೀರೆ. ನೆಲ ಬಿಟ್ಟೆದ್ದ ಅಪ್ಪನ ಬುಡವನ್ನು ಯಾರೂ ನೋಡಬಾರದು, ಅದು ಅವನ ಬರಿಮೈ ಎಂಬುದು ಕೇರಿಯ ಕಟ್ಟು. ಯಾರೂ ಎತ್ತಿದ್ದೇ ಇಲ್ಲವಾದ್ದರಿಂದ ಅಂಥದೊಂದು ಕಟ್ಟು ಇದೆ ಎಂದೇ ನನಗೆ ಗೊತ್ತಿರಲಿಲ್ಲ.

“ಫೋಟೋ ಗೀಟೋ ಬ್ಯಾಡ ಕಣ್ಲಾ. ಬರಿಮೈಲವ್ನೆ.”

“ದೊಡ್ಡವ್ವ, ಅಕ್ಷರ ಅವೆ. ಒಂದ್ಗಂಟೆ ಕೊಡು, ಕಾಗ್ದ ಅಂಟಿಸಿ ತಕ್ಕೊತೀನಿ.”

“ಒಂದ್ಗಂಟೆ ಇಂಗೆ ನಿಲ್ಲುಸ್ತೀಯಾ? ನಿಮ್ಮಪ್ಪುನ್ನ ನಿಲ್ಲುಸು, ನೋಡವ.”

ಕಲ್ಲಿನ ಹಿಂಬದಿಗೆ ನಿಂತಿದ್ದ ಕೇರಿಯವರು ನಕ್ಕರು. ನಮ್ಮ ತಂದೆ ಪಾಳಿಗೆ ಹೋಗಿದ್ದರು, ಅದೊಂದು ಪುಣ್ಯ. ಅವಳು ಸೀರೆ ಸುತ್ತಿಬಿಟ್ಟಳು. ಆಮೇಲೆ ಕಾಂಕ್ರೀಟು. ಇನ್ನು ಮುಂದೆ ಯಾವ ಜೆಸಿಬಿಯೂ ಅಪ್ಪನನ್ನು ಅಲ್ಲಾಡಿಸಬಾರದೆಂದು ಕೇರಿಯವರು ಗುಂಡಿಯನ್ನು ಇನ್ನಷ್ಟು ಅಗಲ ಮಾಡಿಸಿದ್ದರು. ಹುಷಾರಾಗಿ, ಭಕ್ತಿಯಿಂದ, ಒಳ್ಳೆಯ ಜಲ್ಲಿ ಹಾಕಿಸಿ, ಸೀರೆಯ ಸಮೇತ ಹೂತರು. ಮಧ್ಯಾಹ್ನದೊಳಗೆ ವೀರ ಮೊದಲಿನಂತೆಯೇ ಸೊಂಟದವರೆಗೆ ನಿಂತಿದ್ದ. ನನ್ನ ಕಾಗದದ ಸುರುಳಿ ಸುತ್ತಿದ ಹಾಗೇ ಇತ್ತು.

ಮರುದಿನ ಮೇಡಂ ಮುಂದೆ ಕೂತೆ. ಅವರು ಪೂರ್ತಿ ಕೇಳಿದರು.

“ಅಚ್ಚು?”

“ಇಲ್ಲ ಮೇಡಂ.”

“ಫೋಟೋ?”

“ಇಲ್ಲ.”

“ಸಾಕ್ಷಿ ನಿನ್ನ ಕಣ್ಣು ಒಂದೇ. ನಾನು ನಂಬ್ತೀನಿ, ಅದು ಬೇರೆ ಮಾತು. ವೈವಾಕ್ಕೆ ಬರೋರು ಯಾಕೆ ನಂಬಬೇಕು? ಅದರಲ್ಲೂ ಅದು ನಿನ್ನ ಕೇರಿ ಕಲ್ಲು.”

ಆ ಕೊನೆಯ ಮಾತು ನಾಟಿತು, ಆದರೆ ಸರಿಯಾಗಿತ್ತು. ದಾರಿ ತೋರಿಸಿದವರೂ ಅವರೇ. ನೋಡಿದವರನ್ನು ಒಬ್ಬೊಬ್ಬರನ್ನಾಗಿ ಕೇಳು, ನೀನು ಕಂಡದ್ದನ್ನು ಮೊದಲು ಬಾಯಿಬಿಡಬೇಡ. ಒಬ್ಬರಾದರೂ ತಾವಾಗಿ ಅದನ್ನೇ ಹೇಳಿದರೆ ಆ ಮೂರು ಸಾಲನ್ನು ಪ್ರಬಂಧದಲ್ಲಿ ಇಡು. ಇಲ್ಲವಾದರೆ, ಬರಹವಿಲ್ಲದ ಕಲ್ಲು ಎಂದು ಹಿಂದಿನವರು ಬರೆದಿರುವಂತೆಯೇ ಬರೆ.

ನನ್ನ ಪ್ರಬಂಧದ ಹೊಸ ಮಾತೆಂದರೆ ಆ ಮೂರು ಸಾಲೇ. ಬೇರೆ ಕಲ್ಲುಗಳನ್ನೆಲ್ಲ ಯಾರೋ ಮೊದಲೇ ಓದಿ ಬರೆದಿದ್ದರು.

ಗಾರೆ ಕೆಲಸದವನು ಎಲ್ಲರಿಗಿಂತ ಹತ್ತಿರದಿಂದ ನೋಡಿದವನು, ಅಕ್ಷರವನ್ನು ಕೈಯಿಂದಲೇ ಒರೆಸಿದವನು. ಅವನನ್ನು ಮೊದಲು ಕೇಳಬೇಕೆಂದು ಹೋದೆ. ಅವನು ಬೇರೆ ಊರಿನ ಕೆಲಸದಲ್ಲಿದ್ದ. ವಾರ ಬಿಟ್ಟು ಬರುತ್ತಾನೆ ಎಂದರು. ವಾರ ಬಿಟ್ಟು ಹೋದಾಗ ಅವನ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಎದೆನೋವು ಎಂದು ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತಂತೆ. ಶಾಮಿಯಾನದ ಕುರ್ಚಿಯ ಮೇಲೆ ಕೂತೆ. ನಮ್ಮ ಓದಿನಲ್ಲಿ ‘ಆಕರ’ ಎಂದು ಎಷ್ಟೋ ಸಲ ಬರೆದಿದ್ದೆ. ಆಕರಕ್ಕೆ ಹೆಂಡತಿ ಇರುತ್ತಾಳೆ, ಅವಳು ಬಂದವರಿಗೆ ನೀರು ಕೊಡಿ ಎಂದು ಹೇಳುತ್ತಿರುತ್ತಾಳೆ ಎಂದು ಆವತ್ತು ಕಂಡೆ.

ಜೆಸಿಬಿ ಓಡಿಸಿದವನು ಫೋನಿನಲ್ಲಿ ಸಿಕ್ಕ. “ಗೀರು ಗೀರು ಇದ್ದೋ ಸಾ, ಲೈನಾಗಿ. ನಾನ್ ಸರ್ಪಳಿ ನೋಡ್ತಿದ್ದೆ. ಅದು ಬಿದ್ದಿದ್ರೆ ನಿಮ್ ಕೇರಿಯೋರು ನನ್ನೂ ಅದ್ರ ಪಕ್ಕಕ್ಕೇ ನೆಡ್ತಿದ್ರು.” ಗೀರು ಎಂದರೆ ಉಳಿಯ ಏಟೂ ಆಗಬಹುದು. ಸಾಲದು.

ದೊಡ್ಡವ್ವ ಅಕ್ಕಿ ಆರಿಸುತ್ತಿದ್ದಳು. “ನೋಡಿದ್ನ ಆಡ್ಬಾರ್ದು,” ಎಂದಳು. ನಾನು ಮತ್ತೆ ಮತ್ತೆ ಕೇಳಿದೆ. “ಏನೂ ಇಲ್ದಿದ್ರೆ ಅಷ್ಟು ಅವಸ್ರುವಾಗಿ ಸೀರೆ ಯಾಕ್ ಸುತ್ತುತಿದ್ನೋ? ಅಷ್ಟೇಯ. ಎದ್ದೋಗು, ಮೊರಕ್ಕೆ ನೆರ್ಳು ಬೀಳ್ತದೆ.”

ಕಲ್ಲಿನ ಮುಖ ಕಂಡವರಲ್ಲಿ ಉಳಿದವರು ಮೇಷ್ಟ್ರು ಒಬ್ಬರೇ. ಅವರು ಇದೆ ಎಂದರೆ ತಮ್ಮ ಮಾತನ್ನು ತಾವೇ ಅಳಿಸಬೇಕು. ಮೇಲಿನ ಬೀದಿಯವರ ಎದುರಿಗೆ ಬೇರೆ. ಇಲ್ಲ ಎಂದರೆ ನನ್ನದು ಅಲ್ಲಿಗೆ ಮುಗಿಯಿತು.

ಒಂದು ಭಾನುವಾರ ತಿ. ನರಸೀಪುರದ ಬಸ್ಸು ಹತ್ತಿದೆ. ಅವರ ಮನೆ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ. ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ನನ್ನನ್ನು ನೋಡಿ ಕನ್ನಡಕ ಮೇಲೆತ್ತಿದರು.

“ಬಾರೋ, ಎಂ.ಎ. ಕಾಫಿ ಕುಡೀತೀಯಾ, ಇಸ್ಟ್ರಿಯೋರು ಬರೀ ಗಾಳಿ ಕುಡೀತಾರಾ?”

ಕಾಫಿ ಬಂತು. ಬಂದ ಕೆಲಸ ಹೇಳಿದೆ. ಕಲ್ಲಿನ ಬುಡದಲ್ಲಿ ತಾವು ಏನು ಕಂಡಿರಿ ಎಂದು ಮಾತ್ರ ಕೇಳಿದೆ.

“ನೀನೇನ್ ನೋಡ್ದೆ ಯೋಳು. ಔದೋ ಅಲ್ವೋ ಅಂತೀನಿ.”

“ಅಂಗೆ ಆಗಲ್ಲ ಸಾ. ಮೊದ್ಲು ನೀವು.”

“ನಂಗೇ ಪರೀಕ್ಷೆ ಇಡ್ತೀಯಾ?”

“ಊಂ ಸಾ.”

“ಅ ಆ ತಿದ್ಸಿದ್ದಕ್ಕೆ ಚೆನ್ನಾಗ್ ತೀರುಸ್ದೆ.” ಅವರು ಪೇಪರ್ ಮಡಿಸಿ ಪಕ್ಕಕ್ಕಿಟ್ಟರು. ರಸ್ತೆಯ ಕಡೆ ನೋಡಿದರು. ಹೊಳೆಗೆ ಹೋಗುವವರು, ಬರುವವರು, ಒದ್ದೆ ಬಟ್ಟೆಯ ಬಕೆಟ್ಟು ಹಿಡಿದವರು. ನಾನು ಮಾತಾಡಿದರೆ ಎಲ್ಲ ಕೆಡುತ್ತದೆ ಎಂದು ಗೊತ್ತಿತ್ತು. ಕಾಫಿ ಲೋಟದ ಅಂಚನ್ನು ಹಿಡಿದುಕೊಂಡಿದ್ದೆ.

ಅವರು ಎದ್ದು ಒಳಗೆ ಹೋದರು. ಬರುವುದಿಲ್ಲವೇನೋ ಎಂದುಕೊಂಡೆ. ಒಂದು ಸ್ಲೇಟು, ಬಳಪ ಹಿಡಿದು ಬಂದರು. ಮೊಣಕಾಲ ಮೇಲಿಟ್ಟುಕೊಂಡು, ಮಕ್ಕಳಿಗೆ ತಿದ್ದಿಸುವವರ ಹಾಗೆ ನಿಧಾನಕ್ಕೆ ಬರೆದರು. ಮೇಲೆ ಎರಡು ಕಾಲು: ವೀರನದು. ಅದರ ಕೆಳಗೆ ಒಂದು ಉದ್ದನೆ ಗೆರೆ. ಇನ್ನೊಂದು ಉದ್ದನೆ ಗೆರೆ. ಮೂರನೆಯದನ್ನು ಮುಕ್ಕಾಲಿಗೆ ನಿಲ್ಲಿಸಿದರು.

“ಅಕ್ಷರ ನನಗೆ ಓದಕ್ಕೆ ಬರ್ಲಿಲ್ಲ ಕಣೋ. ಹಳೇವು. ಆದ್ರೆ ಅಕ್ಷರವೇ. ಮೂರು ಸಾಲು. ಕೊನೇದು ಗಿಡ್ಡ.”

ಬಳಪ ಇನ್ನೂ ಅವರ ಕೈಯಲ್ಲಿತ್ತು. ಗಿಡ್ಡ ಗೆರೆಯ ಮುಂದೆ ಉಳಿದ ಜಾಗದಲ್ಲಿ ಅವರು ಒಂದು ಬೆನ್ನು ಎಳೆದರು, ನಾಲ್ಕು ಕಾಲು ಹಾಕಿದರು. ತಲೆ ಹಾಕುವಾಗ ಅಳಿಸಿದರು. ಮತ್ತೆ ಹಾಕಿದರು, ಹಿಂದಕ್ಕೆ ತಿರುಗಿಸಿ.

“ಇಲ್ಲೊಂದು ಕರ ಇತ್ತು. ಹಿಂದಕ್ ನೋಡ್ತಿತ್ತು. ತಾಯಿ ಹಿಂದುಳಿದ್ರೆ ಅಂಗೇ ನೋಡ್ತದೆ ಕರ. ನಮ್ ಕೊಟ್ಟಿಗೆಲಿ ಎಷ್ಟ್ ನೋಡಿಲ್ಲ ನಾನು.” ಸ್ಲೇಟನ್ನು ನನ್ನ ಕಡೆ ತಿರುಗಿಸಿದರು. “ಈಗ ನೀನ್ ಯೋಳು. ಪಾಸೋ ಫೇಲೋ?”

“ಪಾಸು ಸಾ,” ಎಂದೆ.

ಇದನ್ನು ಕಾಗದದ ಮೇಲೆ ಬರೆದು ಸಹಿ ಹಾಕಿಕೊಡಬೇಕು ಎಂದು ಕೇಳುವುದು ಕಷ್ಟದ್ದಾಗಿತ್ತು. ಕೇಳಿದೆ. “ನನ್ ತಮ್ಮ ಬಯ್ತಾನೆ,” ಎಂದರು. ಕಾಗದ ಇಸಿದುಕೊಂಡು, “ಬೈಲಿ. ಇಷ್ಟ್ ವರ್ಷ ಇಲ್ಲ ಅಂತ ಯೋಳಿದ್ದು ನಾನ್ ತಾನೆ, ಇದೆ ಅಂತ ಅವ್ನು ಯೋಳಕ್ಕಾಯ್ತದಾ?” ಎಂದರು. ಚಿತ್ರ ಬರೆದು, ಅದರ ಕೆಳಗೆ, ತಾವು ಹೊಂಗೆ ಮರದ ಬುಡದಲ್ಲಿ ನಿಂತಿದ್ದಾಗ ಕಂಡದ್ದು ಎಂದು ದುಂಡಗೆ ಬರೆದು ಸಹಿ ಹಾಕಿದರು.

ಬಸ್ ನಿಲ್ದಾಣಕ್ಕೆ ನಡೆದು ಬರುವಾಗ ನನಗೆ ಓಡಬೇಕೆನ್ನಿಸಿತು. ಓಡಲಿಲ್ಲ.

ಕೇರಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಅಪ್ಪ ನಮ್ಮ ಮೂಲಪುರುಷ, ಅವನ ಹೆಸರು ಕಲ್ಲಿನಲ್ಲಿದೆ ಎಂದು ಬರೆ ಎಂದು ನಮ್ಮವರೇ ಕೆಲವರು ಹಿಡಿದುಕೊಂಡರು. “ಮಣ್ಣು ಮೆತ್ಕೊಂಡಿತ್ತು, ಅಲ್ಲಿ ನಮ್ಮೋನ್ ಎಸ್ರೇ ಇದ್ದಿರ್ಬೋದಲ್ಲ?” ಎಂದ ಒಬ್ಬ. ಇದ್ದಿರಬಹುದು. ಇಲ್ಲದೆಯೂ ಇರಬಹುದು. ನಾನು ಬರೆಯಲಿಲ್ಲ. ಅದರ ಬಗ್ಗೆ ನನಗೆ ಆಗಲೂ ಅಳುಕಿರಲಿಲ್ಲ, ಈಗಲೂ ಇಲ್ಲ. ನಾನು ಬರೆದದ್ದು ಇಷ್ಟು: ಬರಹ ಇದೆ, ಮೂರು ಸಾಲು, ಎರಡು ಮಾತು ಓದಲಾಯಿತು, ದನಕ್ಕಾಗಿ ಸತ್ತವನ ಕಲ್ಲೆಂದು ಊಹಿಸಬಹುದು, ಹೆಸರು, ಕುಲ ತಿಳಿಯದು.

ವೈವಾಕ್ಕೆ ಬಂದ ಪರೀಕ್ಷಕರು ಆ ಪುಟವನ್ನೇ ತೆರೆದಿಟ್ಟುಕೊಂಡಿದ್ದರು.

“ವೀರನ ಹೆಸರು?”

“ಓದಲಾಗಲಿಲ್ಲ ಸರ್.”

“ಯಾವ ಕುಲದವನು?”

“ಗೊತ್ತಿಲ್ಲ ಸರ್.”

“ನಿಮ್ಮವನೇ ಅಂತ ಬರೀಬೇಕು ಅನ್ನಿಸಲಿಲ್ವಾ?”

“ಅನ್ನಿಸಿತು ಸರ್. ಅಷ್ಟು ಕಾಣಲಿಲ್ಲ.”

ಅವರು ಮೇಷ್ಟ್ರ ಚಿತ್ರವನ್ನೂ ನನ್ನ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಮೇಷ್ಟ್ರ ಕರು ನಾಯಿಯ ಹಾಗೆ ಇತ್ತು, ನನ್ನದು ಆಡಿನ ಹಾಗೆ. ತಲೆ ಮಾತ್ರ ಎರಡರಲ್ಲೂ ಹಿಂದಕ್ಕೇ ತಿರುಗಿತ್ತು. ಅವರು ನಕ್ಕರು, ಮೇಡಂ ಕಡೆ ನೋಡಿದರು, ಮುಂದಿನ ಪುಟಕ್ಕೆ ಹೋದರು. ಮೂರು ಸಾಲು ಪ್ರಬಂಧದಲ್ಲಿ ಉಳಿದವು.

ಈಗ ನಾನು ತಿ. ನರಸೀಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಬಸ್ಸು ತಡವಾದವರಿಗೆ ಹಾಳೆ ಕೊಡುತ್ತೇನೆ. ಕಾಂಕ್ರೀಟು ಒಡೆದು ನೋಡಬಾರದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕೇರಿಯವರು ಒಪ್ಪಿದ ದಿನ ನೋಡಬಹುದು. ಅಲ್ಲಿಯವರೆಗೆ ಆ ಮೂರು ಸಾಲು ಇರುವುದು ನೋಡಿದವರಲ್ಲಿ.

ನೋಡಿದವರಲ್ಲಿ ಗಾರೆ ಕೆಲಸದವನು ಇಲ್ಲ. ಇರುವವರು ಇವರು. ಮೋರಿಯ ಮೇಲೆ ನಿಂತಿದ್ದ ನಾನು. ಹೊಂಗೆ ಮರದ ಬುಡದಲ್ಲಿದ್ದ ಮೇಷ್ಟ್ರು. ಹೊಳೆ ರಸ್ತೆಯ ಜಗಲಿಯಲ್ಲಿ ಸಂಜೆ ಹೊತ್ತು ಸಿಗುತ್ತಾರೆ, ಕೇಳಿದವರಿಗೆ ಕರುವನ್ನು ಬರೆದು ತೋರಿಸುತ್ತಾರೆ. ಜೆಸಿಬಿ ಓಡಿಸಿದವನು; ಈಗ ಸ್ವಂತ ಟ್ರ್ಯಾಕ್ಟರ್ ಇಟ್ಟಿದ್ದಾನೆ, ಗೀರು ಇದ್ದವು ಎನ್ನುತ್ತಾನೆ. ಮತ್ತು ನಮ್ಮ ದೊಡ್ಡವ್ವ. ಸೀರೆ ಸುತ್ತುವಾಗ ಅವಳ ಮುಖ ಕಲ್ಲಿಗೆ ಒಂದು ಗೇಣು ದೂರದಲ್ಲಿತ್ತು, ಅಷ್ಟು ಹತ್ತಿರ ನಾನೂ ಇರಲಿಲ್ಲ. ಅವಳು ಹೇಳುವುದಿಲ್ಲ.